ಉಚ್ಚಂಗಪ್ಪ ಡಾಕ್ಟರ ಬ್ಲೋವರ್

ಬಿಚ್ಚಿ ನೋಡದ ವಸ್ತುವನ್ನು ನಂಬುವುದು ಶಿಕಾರಿಪುರದ ಡಾಕ್ಟರ್ ಉಚ್ಚಂಗಪ್ಪನವರ ಜಾಯಮಾನದಲ್ಲೇ ಇರಲಿಲ್ಲ. ಗೋಡೆಗಡಿಯಾರವಾಗಲಿ, ಹೆಂಡತಿಯ ಹೊಲಿಗೆಯಂತ್ರವಾಗಲಿ, ನೆರೆಮನೆಯ ಶಿರಸ್ತೇದಾರರು 'ಸ್ವಲ್ಪ ಗೊರಗೊರ ಅಂತೈತೆ' ಎಂದು ಬಾಯಿತಪ್ಪಿ ಹೇಳಿದ ಗ್ರಾಮಾಫೋನಾಗಲಿ, ಒಮ್ಮೆ ಅವರ ಮೇಜಿನ ಮೇಲೆ ಅಂಗಾಂಗ ಕಳಚಿಕೊಂಡು ಬಿದ್ದು, ಸೀಮೆಎಣ್ಣೆಯಲ್ಲಿ ಮಿಂದು, ಪುನರ್ಜನ್ಮ ಪಡೆದ ಮೇಲೆಯೇ ಅವರ ದೃಷ್ಟಿಯಲ್ಲಿ ಅದು ಗಡಿಯಾರ, ಅದು ಯಂತ್ರ. ಎಷ್ಟೋ ವಸ್ತುಗಳಿಗೆ ಆ ಪುನರ್ಜನ್ಮ ತಡವಾಗಿ ಬಂತು. ಕೆಲವಕ್ಕೆ ಬರಲೇ ಇಲ್ಲ. ಶಿರಸ್ತೇದಾರರು ಚನ್ನಗಿರಿಗೆ ವರ್ಗವಾಗಿ ಹೊರಟಾಗ ಗ್ರಾಮಾಫೋನಿನ ಪೆಟ್ಟಿಗೆಯನ್ನು ಗಾಡಿಗೆ ಹೇರಿಸಿ, ಅದರ ಹೊಟ್ಟೆಯೊಳಗಿನ ಸರಂಜಾಮನ್ನು ಕೈಚೀಲದಲ್ಲಿ ತುಂಬಿಕೊಂಡು, ಯಾರಿಗೂ ಏನೂ ಹೇಳದೆ ಹೋದರು.

ಡಾಕ್ಟರ ನಡಿಗೆಯೂ ಹಾಗೆಯೇ, ಏನನ್ನೋ ಪರೀಕ್ಷಿಸುವವರ ನಡಿಗೆ. ಎಡಭುಜ ಒಂದಿಷ್ಟು ಇಳಿಬಿದ್ದು, ಕತ್ತು ಅದೇ ದಿಕ್ಕಿಗೆ ವಾಲಿ, ನೆಲವು ತಗ್ಗಿದ ದನಿಯಲ್ಲಿ ತನ್ನ ಬೇನೆಯನ್ನು ಹೇಳಿಕೊಳ್ಳುತ್ತಿದೆ, ಇವರು ಸಾವಧಾನದಿಂದ ಆಲಿಸುತ್ತಿದ್ದಾರೆ ಎಂಬ ಹಾಗೆ. ಎದುರಿಗೆ ಬಂದವರು ನಮಸ್ಕಾರ ಹೇಳಿ ದಾಟಿಹೋದ ಎಷ್ಟೋ ಹೊತ್ತಿನ ಮೇಲೆ ಇವರ ಕೈ ಪ್ರತಿನಮಸ್ಕಾರಕ್ಕೆ ಏಳುತ್ತಿತ್ತು. ಅಷ್ಟರಲ್ಲಿ ಅಲ್ಲಿ ಇರುತ್ತಿದ್ದುದು ಒಂದು ಎಮ್ಮೆಯೋ ಲಾಂದ್ರದ ಕಂಬವೋ. ಬೇಸಿಗೆ ಮಳೆಗಾಲವೆನ್ನದೆ ಮೈಮೇಲೊಂದು ಬೂದು ಬಣ್ಣದ ಉದ್ದ ಕೋಟು. ಅದರ ಬಲಜೇಬು ವೈದ್ಯವೃತ್ತಿಗೆ ಮೀಸಲು, ಎಡಜೇಬು ಯಂತ್ರಗಳಿಗೆ. ಕಾಲಕ್ರಮದಲ್ಲಿ ಈ ಗಡಿ ಅಳಿಸಿಹೋಗಿ, ಥರ್ಮಾಮೀಟರು ನಟ್ಟುಗಳ ನಡುವೆಯೂ ಲೋಹ ಉಜ್ಜುವ ಅರ ಹತ್ತಿಯ ನಡುವೆಯೂ ವಾಸಿಸತೊಡಗಿದವು. ಒಮ್ಮೆ ಈಸೂರು ಕಡೆಯ ರೈತನೊಬ್ಬನ ಬಾಯಿಗೆ ಅವರು ಥರ್ಮಾಮೀಟರೆಂದು ಸಣ್ಣ ಗುಂಡನೆಯ ಅರವೊಂದನ್ನು ಇಡಲು ಹೋದರು. ಆ ಪುಣ್ಯಾತ್ಮನೂ ವಿಧೇಯನಾಗಿ ನಾಲಗೆ ಎತ್ತಿಕೊಟ್ಟ.

ಇದೆಲ್ಲವನ್ನೂ ಕಣ್ಣಾರೆ ಕಂಡು, ಕೈಯಾರೆ ತಿದ್ದಿ, ಮನಸಾರೆ ಹಲ್ಲು ಕಡಿದವನು ಅವರ ಕಾಂಪೌಂಡರ್ ಸಣ್ಣಬೀರಪ್ಪ. ಸೀಸೆಗಳ ಚೀಟಿ ಎಲ್ಲವೂ ಮುಂದಕ್ಕೆ ಮುಖ ಮಾಡಿರಬೇಕು, ಮುಲಾಮಿನ ಡಬ್ಬಿಯ ಮುಚ್ಚಳ ಮುಚ್ಚಿರಬೇಕು, ಬಂದವರು ಸರದಿಯಲ್ಲಿ ಕೂತಿರಬೇಕು ಎನ್ನುವ ಮನುಷ್ಯ. ಡಾಕ್ಟರ ಬಾಯಲ್ಲಿ ದಿನಕ್ಕೆ ಹತ್ತಾರು ಸಲ ಬರುತ್ತಿದ್ದ ಒಂದು ಮಾತೆಂದರೆ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು: 'ಆತು ಅಂತ ತಿಳ್ಕಳ್ರಿ.' ಆಗದೆ ಇರುವ ಕೆಲಸಕ್ಕೆ ಮಾತ್ರ ಅವರು ಬಳಸುತ್ತಿದ್ದ ಮಾತು ಅದು. ಆದ ಕೆಲಸದ ಬಗ್ಗೆ ಅವರು ಏನೂ ಹೇಳುತ್ತಿರಲಿಲ್ಲ.

ಡಾಕ್ಟರ ಕಾರು ಅಮೆರಿಕದ್ದು, ಯುದ್ಧಕ್ಕೆ ಮುಂಚಿನದು. ಚಿಕ್ಕಮಗಳೂರು ಕಡೆಯ ಕಾಫಿ ತೋಟದ ದೊರೆಯೊಬ್ಬ ಸೀಮೆಗೆ ಹಿಂದಿರುಗುವಾಗ ಮಾರಿಹೋದದ್ದು ಎರಡು ಮೂರು ಕೈ ದಾಟಿ ಇವರಲ್ಲಿಗೆ ಬಂದಿತ್ತು. ಆ ಕಾರಿಗೆ ಬೇರೆ ಕಾರುಗಳಿಗಿಲ್ಲದ ಒಂದು ಅಂಗವಿತ್ತು. ಎಂಜಿನ್ನಿನ ಪಕ್ಕದಲ್ಲಿ, ರೊಟ್ಟಿಯ ಹಂಚಿನಷ್ಟು ಅಗಲದ ಅಲ್ಯೂಮಿನಿಯಂ ಗೂಡು. ಅದರೊಳಗೆ ರೆಕ್ಕೆಗಳುಳ್ಳ ಒಂದು ಚಕ್ರ. ಎಂಜಿನ್ ಒಂದು ಸುತ್ತು ತಿರುಗುವಷ್ಟರಲ್ಲಿ ಈ ಚಕ್ರ ಐದಾರು ಸುತ್ತು ಹಾಕಿ, ಗಾಳಿಯನ್ನು ಒತ್ತಿ ಒಳಗೆ ನುಗ್ಗಿಸುತ್ತಿತ್ತು. ಹೆಚ್ಚು ಗಾಳಿ ಉಂಡ ಎಂಜಿನ್ ಹೆಚ್ಚು ಬಲದಿಂದ ಎಳೆಯುತ್ತಿತ್ತು. ಪುಸ್ತಕದಲ್ಲಿ ಅದಕ್ಕೆ ಸೂಪರ್‌ಚಾರ್ಜರ್ ಎಂಬ ಹೆಸರು, ಊರಿನ ಬಾಯಲ್ಲಿ ಬ್ಲೋವರ್. ವಯಸ್ಸಾದ ಮೇಲೆ ಅದರ ಅಚ್ಚು ಕೂತು ತಿರುಗುವ ಕಂಚಿನ ಬುಷ್ಷುಗಳು ಸವೆದು, ಚಕ್ರ ಒಲೆದಾಡತೊಡಗಿ, ಎಂಜಿನ್ನು ಗಾಳಿಯ ಜೊತೆಗೆ ಎಣ್ಣೆಯನ್ನೂ ಹೀರಿಕೊಂಡು ಹಿಂದಿನಿಂದ ನೀಲಿ ಹೊಗೆ ಕಾರತೊಡಗಿತು. ಡಾಕ್ಟರು ಶಿರಾಳಕೊಪ್ಪ ದಾಟಿದ ಸುದ್ದಿ ಹೊಗೆಯ ಮೂಲಕ ಮುಂದಿನ ಹಳ್ಳಿಗೆ ಮೊದಲೇ ತಲುಪುತ್ತಿತ್ತು.

ಬಸ್ಸುಗಳ ರಿಪೇರಿ ಶೆಡ್ಡು ಇಟ್ಟುಕೊಂಡಿದ್ದ ಬಡೇಸಾಬರು ಒಮ್ಮೆ ಬಂದು, ಬಾನೆಟ್ಟು ಎತ್ತಿ ನೋಡಿ, ಎಲೆಯಡಿಕೆಯನ್ನು ದವಡೆಯಿಂದ ದವಡೆಗೆ ದಾಟಿಸಿ ಹೇಳಿದರು: "ಡಾಕ್ಟರ್ ಸಾಬ್, ಇದು ಶೋಕಿ ಸಾಮಾನು. ತಗೆದು ಆಕಡೆ ಇಡ್ರಿ. ಆ ತೂತಿಗೆ ಒಂದು ದಪ್ಪ ತಗಡು ಹೊಡೆದು ಪೈಪು ಸೀದಾ ಕೊಡ್ತೀನಿ. ಒಪ್ಪತ್ತಿನ ಕೆಲಸ. ಗಾಡಿ ಆರಾಮ್ ಓಡ್ತೈತೆ."

"ನೆಗಡಿ ಆತು ಅಂತ ಮೂಗು ಕೊಯ್ಯಾಕಾಗ್ತೈತೇನ್ರೀ ಸಾಬ್ರೆ?" ಎಂದರು ಡಾಕ್ಟರು.

"ಇದು ಮೂಗಲ್ರೀ. ಮೂಗುತಿ."

ಅವರ ಮಾತಿಗೆ ಸಣ್ಣಬೀರಪ್ಪ ಗಟ್ಟಿಯಾಗಿ ನಕ್ಕ. ಅದೇ ತಪ್ಪಾಯಿತೇನೋ. ದೀಪಾವಳಿಯ ಮಾರನೆಯ ವಾರ ಬ್ಲೋವರು ಕಾರಿನಿಂದ ಇಳಿದು ಡಾಕ್ಟರ ಮನೆಯ ಮುಂದಿನ ಕೋಣೆಗೆ, ಅಂದರೆ ದವಾಖಾನೆಗೆ, ಪ್ರವೇಶ ಮಾಡಿತು.

ಅಂದಿನಿಂದ ಆ ಕೋಣೆಯ ಸ್ಥಿತಿಯನ್ನು ಏನೆಂದು ಹೇಳಬೇಕು! ಗಾಯ ಕಟ್ಟುವ ಮೇಜಿನ ಮೇಲೆ ಗೂಡಿನ ಎರಡು ಹೋಳು. ಸೂಜಿ ಕುದಿಸುವ ಪಾತ್ರೆಯಲ್ಲಿ ಬೋಲ್ಟುಗಳು. ಪುಡಿ ತೂಗುವ ಪುಟ್ಟ ತಕ್ಕಡಿಯ ಒಂದು ತಟ್ಟೆಯಲ್ಲಿ ಕಂಚಿನ ಚೂರು. ಡಾಕ್ಟರ ಹೆಂಡತಿ ವನಜಮ್ಮನವರ ಇಡ್ಲಿಪಾತ್ರೆ ಒಂದು ಬೆಳಿಗ್ಗೆ ಕಾಣೆಯಾಗಿ, ಮಧ್ಯಾಹ್ನದ ಹೊತ್ತಿಗೆ ಹಿತ್ತಲಿನಲ್ಲಿ ಸೋಡಾಪುಡಿಯ ನೀರಿನಲ್ಲಿ ಯಂತ್ರದ ಮಸಿಯನ್ನು ಕುದಿಸುತ್ತ ಪತ್ತೆಯಾಯಿತು. ಆಕೆ ಅದನ್ನು ಮತ್ತೆ ಒಳಗೆ ಸೇರಿಸಲಿಲ್ಲ. "ಇನ್ನು ಇಡ್ಲಿ ಬೇಕಂದ್ರೆ ಅದರಾಗೇ ಬೇಯಿಸ್ಕೊಳ್ರಿ, ಚಕ್ರ ಚಕ್ರನಾಗಿ ಬರ್ತಾವೆ" ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಸಂಕ್ರಾಂತಿಯ ಹೊತ್ತಿಗೆ ಮೊದಲನೆಯ ಪ್ರಯತ್ನ ಮುಗಿಯಿತು. ಹೊಸ ಬುಷ್ಷುಗಳನ್ನು ಬಡೇಸಾಬರೇ ತಮ್ಮ ಲೇತಿನಲ್ಲಿ ಕಡೆದುಕೊಟ್ಟಿದ್ದರು. ಅವುಗಳನ್ನು ಅರದಿಂದ ಉಜ್ಜಿ ಉಜ್ಜಿ, ಅಚ್ಚಿಗೆ ಬೆರಳಿಗುಂಗುರದಷ್ಟು ಬಿಗಿಯಾಗಿ ಕೂರಿಸಿದ್ದು ಡಾಕ್ಟರು. ಬಿಗಿಯಿದ್ದಷ್ಟೂ ಬಾಳಿಕೆ ಎಂಬುದು ಆಗಿನ ಅವರ ಸಿದ್ಧಾಂತ. ಹೊಗೆಯಿಲ್ಲದೆ ಊರು ದಾಟಿದ ಕಾರಿನಲ್ಲಿ ಮಹಾರಾಜರಂತೆ ಕೂತು, ಕೆರೆಯ ಏರಿ ಮುಗಿಯುವಲ್ಲಿ ವೇಗ ಹೆಚ್ಚಿಸಿದರು. ಹಂದಿಯನ್ನು ಹಿಡಿದಾಗ ಕೇಳುವಂಥ ಕೂಗೊಂದು ಬಾನೆಟ್ಟಿನೊಳಗಿಂದ ಎದ್ದಿತು. ಎಂಜಿನ್ನು ಒದ್ದಾಡಿ ನಿಂತಿತು. ಕಾದು ಉಬ್ಬಿದ ಅಚ್ಚು ಬುಷ್ಷಿನಲ್ಲಿ ಕಚ್ಚಿಕೊಂಡಿತ್ತು. ಹೊಲದಿಂದ ಬಿಡಿಸಿ ತಂದ ಎತ್ತುಗಳ ಹಿಂದೆ ಕಾರು ಊರಿಗೆ ಮರಳಿತು. ಸ್ಟಿಯರಿಂಗ್ ಹಿಡಿದವನು ಸಣ್ಣಬೀರಪ್ಪ. ಮೈಯೆಲ್ಲ ಬೆವರಿ, ಗುರುತಿನವರು ಕಂಡಾಗಲೆಲ್ಲ ತಲೆ ತಗ್ಗಿಸುತ್ತಿದ್ದ. ಡಾಕ್ಟರು ಮಾತ್ರ ಪಕ್ಕದಲ್ಲಿ ಎತ್ತಿನ ಹೆಜ್ಜೆಗೆ ಹೆಜ್ಜೆ ಹಾಕುತ್ತ, ಕತ್ತು ವಾಲಿಸಿಕೊಂಡು, "ತಪ್ಪು ನಂದೇ ಸಣ್ಣಬೀರಪ್ಪ. ಬಿಗಿ ಜಾಸ್ತಿ ಆತು. ಸಿಗರೇಟಿನ ಕಾಗದ ಆಡುವಷ್ಟು ಸಂದು ಬಿಡಬೇಕಿತ್ತು" ಎಂದು, ಅದೊಂದು ಸಂತೋಷದ ಸುದ್ದಿಯೆಂಬಂತೆ ಹೇಳುತ್ತ ಬಂದರು.

ಮತ್ತೆ ಮೇಜು, ಮತ್ತೆ ಸೀಮೆಎಣ್ಣೆ. ಕಾರು ನಾಲ್ಕು ಕಲ್ಲುಗಳ ಮೇಲೆ, ಅಂಗಳದಲ್ಲಿ.

ಅಷ್ಟರಲ್ಲಿ ಸೊರಬದ ಕಡೆಯಿಂದ ಸುದ್ದಿ ಬರತೊಡಗಿತ್ತು. ಹಿಂದಿನ ವರ್ಷ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಕಾಡಿಗೆ ಹೋಗಿಬಂದವರಿಗೆ ಕಂಡುಕೇಳದ ಜ್ವರ ಬಂದಿತ್ತಲ್ಲ, ಅದೇ ಮತ್ತೆ ತಲೆಯೆತ್ತಿದೆ ಎಂದು ಬಸ್ಸಿನಿಂದ ಇಳಿದವರೆಲ್ಲ ಹೇಳುತ್ತಿದ್ದರು. ಪುಣೆಯಿಂದ ವಿಜ್ಞಾನಿಗಳು ಬಂದು, ಜ್ವರ ಹರಡುವ ರಕ್ತಹೀರುಕ ಉಣ್ಣೆಗಳನ್ನು ಹೆಕ್ಕಿ ಸೀಸೆಯಲ್ಲಿ ತುಂಬಿಕೊಂಡು ಹೋಗುತ್ತಿದ್ದರು. ರೋಗಕ್ಕೆ ಹೆಸರು ಹುಟ್ಟಿತ್ತು, ಮಂಗನ ಕಾಯಿಲೆ ಎಂದು, ಔಷಧ ಹುಟ್ಟಿರಲಿಲ್ಲ.

ಒಂದು ಬೆಳಗಿನ ಬಸ್ಸಿಗೆ ಆ ಕಾಡಿನಂಚಿನ ಹಳ್ಳಿಯ ರಾಜಪ್ಪನೆಂಬವನು ಬಂದ. ಅವನ ಹೆಂಡತಿ ತಾಯಮ್ಮನ ತವರು ಶಿಕಾರಿಪುರದ ಪಕ್ಕದ ಹಳ್ಳಿ. ಚಿಕ್ಕವಳಿದ್ದಾಗಿನಿಂದ ಅವಳಿಗೆ ಉಚ್ಚಂಗಪ್ಪನವರ ಕೈಗುಣವೆಂದರೆ ದೇವರ ಪ್ರಸಾದ. ಸೊರಬದ ಸರ್ಕಾರಿ ಡಾಕ್ಟರು ಬೇರೆ ಹಳ್ಳಿಗಳಿಗೆ ಹೋಗಿದ್ದರಿಂದ, ಅವಳೇ ಗಂಡನನ್ನು ಇಷ್ಟು ದೂರ ಕಳಿಸಿದ್ದಳು.

"ಕೊಟ್ಟಿಗೆಗೆ ಒಣಗಿದ ದರಕೆಲೆ ಗುಡಿಸಿ ತರಾಕೆ ಕಾಡಿಗೆ ಹೋಗಿದ್ಲು, ಡಾಕ್ಟ್ರೇ. ಅಲ್ಲೊಂದು ಮಂಗ ಸತ್ತು ಬಿದ್ದಿತ್ತಂತೆ. ಈಗ ನಾಕು ದಿನ ಆತು, ಜರ ಇಳೀತಿಲ್ಲ. ಕಣ್ಣು ಕೆಂಡ ಆಗಿದಾವೆ. ಅವ್ರನ್ನೇ ಕರ್ಕಂಬಾ ಅಂತಾಳೆ."

ಡಾಕ್ಟರು ಕೈಯಲ್ಲಿದ್ದ ಬುಷ್ಷನ್ನು ಬೆಳಕಿಗೆ ಹಿಡಿದು ನೋಡಿದರು. "ಮಧ್ಯಾಹ್ನಕ್ಕೆ ಗಾಡಿ ಕೂಡಿಸಿಬಿಡ್ತೀನಿ. ಕಾರಿನಾಗೇ ಹೋಗಾಣ, ಬಿರ್ರನೆ ಮುಟ್ತೀವಿ. ಆತು ಅಂತ ತಿಳ್ಕಳ್ರಿ."

ಸಣ್ಣಬೀರಪ್ಪ ಅವರನ್ನು ಒಳಕೋಣೆಗೆ ಕರೆದ. "ಸಾರ್, ಬಡೇಸಾಬ್ರಿಗೆ ಹೇಳಿಕಳಿಸ್ತೀನಿ. ತಗಡು ಹೊಡೆಸಿಬಿಡಾಣ. ಒಪ್ಪತ್ತಿನ ಕೆಲಸ ಅಂದಿದಾರೆ."

"ಅದು ಹೊಡೆಯೋ ಹೊತ್ತಿಗೆ ಇದೇ ಮುಗೀತೈತೆ."

"ಮುಗೀದೇ ಇದ್ರೆ?"

"ಮುಗೀತೈತೆ ಅಂದ್ನಲ್ಲೋ!"

ರಾಜಪ್ಪ ಜಗಲಿಯ ಬೆಂಚಿನ ಮೇಲೆ ಟವೆಲ್ಲು ಮಡಿಲಲ್ಲಿಟ್ಟುಕೊಂಡು ಕೂತ. ಒಳಗಿನಿಂದ ಅರದ ಸದ್ದು ಕೇಳುತ್ತಿತ್ತು. ಮಧ್ಯಾಹ್ನದ ಸೊರಬ ಬಸ್ಸು ಹಾರನ್ ಹೊಡೆದು ಹೋಯಿತು. ವನಜಮ್ಮನವರು ಊಟಕ್ಕೆ ಕರೆದರು. ಅವನು ಒಲ್ಲೆನೆಂದು ಒಂದು ಚೊಂಬು ನೀರು ಕುಡಿದ. ಸಣ್ಣಬೀರಪ್ಪ ಸೀಸೆಗಳನ್ನು ಒರೆಸಿದ, ಒರೆಸಿದ್ದನ್ನೇ ಮತ್ತೆ ಒರೆಸಿದ, ಆ ಬೆಂಚಿನ ಕಡೆ ನೋಡದಿರಲು ಏನೇನು ಮಾಡಬಹುದೋ ಅಷ್ಟನ್ನೂ ಮಾಡಿದ. ಇಳಿಹೊತ್ತಿನಲ್ಲಿ ಬುಷ್ಷು ಕೂತಿತು, ಆದರೆ ಚಕ್ರದ ರೆಕ್ಕೆ ಗೂಡಿನ ಗೋಡೆಗೆ ಒಂದು ಕಡೆ ಸವರುತ್ತಿತ್ತು. ಡಾಕ್ಟರು ಸ್ಟೆತಸ್ಕೋಪನ್ನು ಗೂಡಿಗೆ ಒತ್ತಿ, ಕೈಯಿಂದ ಚಕ್ರ ತಿರುಗಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಹೊರಗೆ ಒಬ್ಬ ಮನುಷ್ಯ ಕಾಯುತ್ತಿದ್ದಾನೆ, ಅದು ಕೇಳುತ್ತಿಲ್ಲ. ಈ ಅಲ್ಯೂಮಿನಿಯಂ ಗೂಡಿನ ಸಣ್ಣ ಕರಕರ ಕೇಳುತ್ತದಲ್ಲ ಈ ಮಹಾನುಭಾವರಿಗೆ ಎಂದು ಸಣ್ಣಬೀರಪ್ಪನಿಗೆ ಆ ಸ್ಟೆತಸ್ಕೋಪಿನ ರಬ್ಬರು ಹಿಡಿದು ಎಳೆಯಬೇಕೆನ್ನಿಸಿತು. ಎಳೆಯಲಿಲ್ಲ. ಕೊನೆಯ ಬಸ್ಸಿನ ಹೊತ್ತಿಗೆ ರಾಜಪ್ಪ ತಾನೇ ಎದ್ದು ಬಾಗಿಲಲ್ಲಿ ನಿಂತ.

"ನಾ ಮುಂದೆ ಹೋಗಿರ್ತೀನಿ, ಡಾಕ್ಟ್ರೇ. ಅವಳೊಬ್ಬಳೇ ಇದಾಳೆ. ನೀವು ಬನ್ನಿ."

ಮಾರನೆಯ ದಿನ ಬೆಳಗಿನ ಬಸ್ಸಿಗೆ ಡಾಕ್ಟರೂ ಸಣ್ಣಬೀರಪ್ಪನೂ ಹೊರಟರು. ಕಾರು ಕಲ್ಲಿನ ಮೇಲೆಯೇ ಇತ್ತು. ಸೊರಬದಲ್ಲಿ ಇಳಿದು ಬಾಡಿಗೆ ಸೈಕಲ್ಲೊಂದನ್ನು ಹಿಡಿದು, ಹಿಂದಿನ ಕ್ಯಾರಿಯರ್ ಮೇಲೆ ಡಾಕ್ಟರನ್ನು ಕೂರಿಸಿಕೊಂಡು, ಔಷಧದ ಚೀಲವನ್ನು ಹ್ಯಾಂಡಲಿಗೆ ತೂಗುಹಾಕಿ, ಸಣ್ಣಬೀರಪ್ಪ ಆ ಏರುತಗ್ಗಿನ ಕಾಡುದಾರಿಯಲ್ಲಿ ಪೆಡಲು ತುಳಿದ. ಡಾಕ್ಟರು ತೆಳ್ಳಗಿನ ಮನುಷ್ಯರೇ. ಆದರೂ ಆವತ್ತು ಅವನಿಗೆ ಹಿಂದೆ ಕೂತಿರುವುದು ಆ ಬ್ಲೋವರೇ ಎಂಬಷ್ಟು ಭಾರವಾಗಿತ್ತು.

ತಾಯಮ್ಮನಿಗೆ ಇನ್ನೂ ಎಚ್ಚರವಿತ್ತು. ಡಾಕ್ಟರನ್ನು ಕಂಡು ಸೆರಗು ಸರಿಮಾಡಿಕೊಳ್ಳಲು ಕೈ ಎತ್ತಿದಳು; ಕೈ ಅರ್ಧಕ್ಕೇ ಬಿತ್ತು. ವಸಡಿನಲ್ಲಿ ರಕ್ತ ಜಿನುಗುತ್ತಿತ್ತು. ಡಾಕ್ಟರು ಅಂಗಳದಲ್ಲಿ ಸೋಪು ಹಚ್ಚಿ ಕೈ ತೊಳೆದರು, ಮತ್ತೆ ತೊಳೆದರು, ಬೂದಿ ಹಾಕಿ ಉಜ್ಜಿದರು. ಉಗುರಿನ ಸಂದಿಯ ಎಣ್ಣೆಮಸಿ ಹೋಗಲಿಲ್ಲ. ಆ ಕೈಯಿಂದಲೇ ಅವರು ತೊಡೆಗೆ ಸಲೈನ್ ಏರಿಸಿದರು, ಹಣೆಗೆ ಒದ್ದೆಬಟ್ಟೆ ಹಾಕಿದರು, ಗಂಜಿಯ ತಿಳಿಯನ್ನು ಚಮಚ ಚಮಚವಾಗಿ ಅವಳ ತುಟಿಗೆ ಇಟ್ಟರು; ಆ ಕಪ್ಪು ಉಗುರು ಅವಳ ಬಾಯ ಬಳಿ ಹೋದಾಗಲೆಲ್ಲ ಸಣ್ಣಬೀರಪ್ಪ ಮುಖ ತಿರುಗಿಸಿದ. ಆ ದಿನವೆಲ್ಲ, ಮರುದಿನವೂ ಅವರು ಮಣೆ ಬಿಟ್ಟು ಏಳಲಿಲ್ಲ. ಎದೆಯ ಮೇಲೆ ಸ್ಟೆತಸ್ಕೋಪು ಇಟ್ಟು ಕತ್ತು ವಾಲಿಸಿದರೆ ಮತ್ತೆ ಎತ್ತಲೊಲ್ಲರು.

ಮರುದಿನ ಸಂಜೆ ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ತಾಯಮ್ಮ ತೀರಿಕೊಂಡಳು.

ಹಿಂದಿರುಗುವ ದಾರಿಯಲ್ಲಿ ಒಂದು ಏರಿನ ನಡುವೆ ಸಣ್ಣಬೀರಪ್ಪ ಸೈಕಲ್ ನಿಲ್ಲಿಸಿ ಇಳಿದ. ಡಾಕ್ಟರೂ ಇಳಿಯಬೇಕಾಯಿತು. ಇಷ್ಟು ವರ್ಷ ಆಡದ ಧ್ವನಿಯಲ್ಲಿ ಅವನು ಆಡಿದ:

"ಒಂದು ದಿನ ಪೂರಾ ಆ ಮನುಷ್ಯನ್ನ ಬೆಂಚಿನ ಮ್ಯಾಲೆ ಕೂರಿಸಿದ್ರಲ್ಲ ಸಾರ್! ಒಂದು ತಗಡು ಹೊಡೆಸಿದ್ರೆ ಅವತ್ತೇ ಬರ್ತಿದ್ವಿ. ಏನು ಹೋಗ್ತಿತ್ರೀ ನಿಮ್ಮ ಗಂಟು?"

ಡಾಕ್ಟರು ಹ್ಯಾಂಡಲಿಗೆ ತೂಗುತ್ತಿದ್ದ ಚೀಲವನ್ನು ಮುಟ್ಟಿದರು. "ಅವತ್ತೇ ಬಂದಿದ್ರೂ ನನ್ನ ಚೀಲದಾಗೆ ಇದೇ ಇರ್ತಿತ್ತು, ಸಣ್ಣಬೀರಪ್ಪ. ಆ ಜ್ವರಕ್ಕೆ ಮದ್ದಿಲ್ಲ."

"ಮದ್ದು ಇಲ್ದಿದ್ರೆ ಬ್ಯಾಡ. ಆಯಮ್ಮ ನಿಮ್ಮ ದಾರಿ ನೋಡ್ತಿದ್ಲು. ಒಂದು ದಿನ ಮೊದ್ಲು ನಿಮ್ಮ ಮುಖನಾದ್ರೂ ನೋಡ್ತಿದ್ಲು."

ಡಾಕ್ಟರು ಮತ್ತೆ ಸೈಕಲ್ ಹತ್ತಲಿಲ್ಲ. ಸೊರಬದವರೆಗೂ ಹಿಂದೆ ಹಿಂದೆ ನಡೆದುಬಂದರು. ಸಣ್ಣಬೀರಪ್ಪನೂ ಸೈಕಲ್ಲನ್ನು ತಳ್ಳಿಕೊಂಡೇ ನಡೆದ. ಸಿಟ್ಟು ಇಳಿದಿರಲಿಲ್ಲ, ಆದರೆ ಅವರನ್ನು ಕಾಡಿನಲ್ಲಿ ಬಿಟ್ಟು ಮುಂದೆ ಹೋಗಲು ಕಾಲೂ ಬರಲಿಲ್ಲ.

ಮಾರನೆಯ ದಿನ ದವಾಖಾನೆಯ ಬಾಗಿಲು ತೆಗೆಯಲು ಅವನು ಬಂದಾಗ ಬಡೇಸಾಬರು ಅಂಗಳದಲ್ಲಿ ಕಾರಿನ ಕೆಳಗೆ ಮಲಗಿದ್ದರು. ಡಾಕ್ಟರು ಪಕ್ಕದಲ್ಲಿ ನಿಂತು ತಗಡಿಗೆ ಅಳತೆ ಹಿಡಿದಿದ್ದರು. ಸಣ್ಣಬೀರಪ್ಪನನ್ನು ಕಂಡು, ಅವನ ಮುಖ ನೋಡದೆ, ಹೇಳಿದರು:

"ನಿನ್ನೆ ನಾನಂದಿದ್ದು ಪೂರ್ತಿ ಖರೆ ಅಲ್ಲ. ಒಂದು ದಿನ ಮೊದ್ಲು ಸಲೈನ್ ಹೋಗಿದ್ರೆ ಏನಾಗ್ತಿತ್ತೋ ನಂಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನಬೇಕಿತ್ತು. ಏನೂ ಆಗ್ತಿರಲಿಲ್ಲ ಅಂದೆ. ಅದು ತಪ್ಪು."

ಇಂಥ ಮಾತಿಗೆ ಏನು ಹೇಳಬೇಕು? ಕ್ಷಮೆ ಕೇಳಿದವರನ್ನು ಕ್ಷಮಿಸಬಹುದು. ಇವರು ಕ್ಷಮೆ ಕೇಳಲಿಲ್ಲ, ಒಂದು ವಾಕ್ಯದ ತಪ್ಪನ್ನು ತಿದ್ದಿದರು, ಅರದಿಂದ ಕಂಚಿನ ಅಂಚು ತಿದ್ದುವ ಹಾಗೆ. ಸಣ್ಣಬೀರಪ್ಪ ಒಳಗೆ ಹೋಗಿ, ಮೇಜಿನ ಮೇಲೆ ಹರಡಿದ್ದ ಬ್ಲೋವರಿನ ತುಂಡುಗಳನ್ನೆಲ್ಲ ಆ ಇಡ್ಲಿಪಾತ್ರೆಯಲ್ಲಿ ತುಂಬಿ, ಮುಚ್ಚಳ ಒತ್ತಿ, ಅಟ್ಟಕ್ಕೆ ಎಸೆದ ಹಾಗೆಯೇ ಇಟ್ಟ. ಮಧ್ಯಾಹ್ನದ ಹೊತ್ತಿಗೆ ಕಾರು ಓಡಿತು. ಬಡೇಸಾಬರು ಹೇಳಿದಂತೆಯೇ, ಆರಾಮಾಗಿ.

ಆ ಬೇಸಿಗೆಯೆಲ್ಲ ಕಾರು ಸೊರಬದ ಹಳ್ಳಿಗಳನ್ನು ಸುತ್ತಿತು. ಕರೆದ ಕಡೆಗೆ ಹೋದರು, ಕರೆಯದ ಕಡೆಗೂ ಹೋದರು. ಕಾಡಿಗೆ ಹೋಗುವವರ ಕಾಲಿಗೆ ಉಣ್ಣೆ ಹತ್ತದಂತೆ ಬೇವಿನೆಣ್ಣೆ ಬಳಿಯಲು ಹೇಳಿದರು, ಸತ್ತ ಮಂಗ ಕಂಡಲ್ಲಿಗೆ ಯಾರೂ ಹೋಗಬೇಡಿರೆಂದು ಮನೆಮನೆಯ ಮುಂದೆ ನಿಂತು ಸಾರಿದರು. ಜ್ವರ ಬಂದವರಲ್ಲಿ ಬಹುಮಂದಿ ಉಳಿದರು, ಕೆಲವರು ಉಳಿಯಲಿಲ್ಲ. ಯಾರು ಡಾಕ್ಟರಿಂದ ಉಳಿದರು, ಯಾರು ತಮ್ಮಷ್ಟಕ್ಕೆ ಉಳಿದರು ಎಂಬುದನ್ನು ಹೇಳಲು ಡಾಕ್ಟರಿಗೇ ಸಾಧ್ಯವಿರಲಿಲ್ಲ. ಅಷ್ಟು ತಿಂಗಳೂ ಅವರು ಒಂದು ಗಡಿಯಾರವನ್ನೂ ಬಿಚ್ಚಲಿಲ್ಲ. ರೋಗ ಹೋಗಲಿ, ಈ ಮನುಷ್ಯ ವಾಸಿಯಾದರು ಎಂದು ಸಣ್ಣಬೀರಪ್ಪ ವನಜಮ್ಮನವರಿಗೆ ಗುಟ್ಟಾಗಿ ಹೇಳಿದ. ಆಕೆ ನಂಬಲಿಲ್ಲ. ಆಕೆ ಅವರ ಹೆಂಡತಿ.

ಮೃಗಶಿರ ಮಳೆ ಹಿಡಿದು, ಜ್ವರದ ಸುದ್ದಿ ನಿಂತು, ದಾರಿಯೆಲ್ಲ ಕೆಸರಾದ ಮೇಲೆ ಒಂದು ದಿನ ದವಾಖಾನೆಯೊಳಗಿನಿಂದ ಸೀಮೆಎಣ್ಣೆಯ ವಾಸನೆ ಬಂತು. ಅಟ್ಟದ ಇಡ್ಲಿಪಾತ್ರೆ ಕೆಳಗಿಳಿದು, ಬ್ಲೋವರಿನ ತುಂಡುಗಳು ಮತ್ತೆ ಮೇಜಿನ ಮೇಲಿದ್ದವು. ಸಣ್ಣಬೀರಪ್ಪ ಬಾಗಿಲಲ್ಲೇ ಕೊಡೆ ಬೀಳಿಸಿದ.

"ಗಾಡಿ ಓಡ್ತಾ ಐತಲ್ರೀ ಸಾರ್!"

"ಓಡ್ಲಿ. ಅದನ್ನ ಮುಟ್ಟಲ್ಲ. ಇದು ಪೂರಾ ಸರಿ ಆದ ಮ್ಯಾಲೆನೇ ಗಾಡಿ ಬಿಚ್ಚೋದು."

"ಸರಿ ಯಾಕೆ ಆಗ್ಬೇಕು ಅಂತ?"

ಡಾಕ್ಟರು ಕನ್ನಡಕ ಹಣೆಗೇರಿಸಿ ಅವನನ್ನು ನೋಡಿದರು. ಆ ಪ್ರಶ್ನೆ ಅವರಿಗೆ ನಿಜವಾಗಿ ಅರ್ಥವಾಗಲಿಲ್ಲವೆಂಬುದು ಸಣ್ಣಬೀರಪ್ಪನಿಗೆ ಆಗ ತಿಳಿಯಿತು. ಹಸುವನ್ನು ಹುಲ್ಲು ಯಾಕೆ ತಿನ್ನುತ್ತೀಯೆಂದು ಕೇಳಿದಂತಾಗಿತ್ತು.

ಈ ಸಲ ಅವರು ಕ್ಷೌರದ ಕತ್ತಿಗಳೆರಡನ್ನು ಮರದ ದಿಮ್ಮಿಯ ಮೇಲೆ ಅಲಗು ಮೇಲಾಗಿ ಸಮನಾಗಿ ನಿಲ್ಲಿಸಿ, ಆ ಅಲಗುಗಳ ಮೇಲೆ ಚಕ್ರದ ಅಚ್ಚನ್ನು ಅಡ್ಡಡ್ಡ ಇಟ್ಟು ತೂಕ ನೋಡತೊಡಗಿದರು. ಚಕ್ರ ಮೆಲ್ಲಗೆ ಉರುಳಿ, ಯಾವ ಭಾಗ ಭಾರವೋ ಅದು ಕೆಳಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಒಂದು ಗೀರು ಅರ. ಮತ್ತೆ ಇಟ್ಟು ನೋಡು. ಗಾಳಿ ಬೀಸಿದರೆ ಲೆಕ್ಕ ತಪ್ಪುತ್ತದೆಂದು ಕಿಟಕಿ ಮುಚ್ಚಿಸಿದರು. ಕಾಯುತ್ತಿದ್ದ ರೋಗಿಗಳಿಗೆ, ಕೆಮ್ಮುವವರು ಜಗಲಿಗೆ ಹೋಗಿ ಕೆಮ್ಮಿ ಬನ್ನಿರೆಂದು ಅಪ್ಪಣೆಯಾಯಿತು. ಸಣ್ಣಬೀರಪ್ಪ ಗೊಣಗುತ್ತಲೇ ಕಿಟಕಿ ಮುಚ್ಚಿದ. ಗೊಣಗುತ್ತಲೇ ದೀಪ ಹಿಡಿದ. ಒಂದು ದಿನ ಆ ಚಕ್ರ ಹೇಗೆ ಇಟ್ಟರೂ ಹಾಗೆಯೇ, ಯಾವ ಕಡೆಗೂ ಉರುಳದೆ ನಿಶ್ಚಲವಾಗಿ ನಿಂತಾಗ, ತಾನು ಎಷ್ಟೋ ಹೊತ್ತಿನಿಂದ ಉಸಿರು ಬಿಗಿಹಿಡಿದು ನಿಂತಿರುವುದು ಗಮನಕ್ಕೆ ಬಂದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

ಆದರೆ ರೋಗಿ ಕರೆದರೆ ಈಗ ಚಕ್ರ ಕತ್ತಿಯ ಮೇಲಿದ್ದರೂ ಡಾಕ್ಟರು ಎದ್ದು ಕೋಟು ಹಾಕುತ್ತಿದ್ದರು. ಏಳುವಾಗ ಮುಖ ಕಿವುಚುತ್ತಿತ್ತು, ನಿಜ. ಹಲ್ಲು ಕೀಳಿಸಿಕೊಳ್ಳುವವರ ಮುಖದಂತೆ. ಎದ್ದರಲ್ಲ ಎಂದುಕೊಳ್ಳುತ್ತಿದ್ದ ಸಣ್ಣಬೀರಪ್ಪ. ಅಷ್ಟೇ ಅವನಿಗೆ ದಕ್ಕಿದ ಗೆಲುವು.

ದೀಪಾವಳಿ ಕಳೆದು ದಾರಿ ಗಟ್ಟಿಯಾದ ಮೇಲೆ ಒಂದು ಭಾನುವಾರ ತಗಡು ಕಳಚಿತು, ಬ್ಲೋವರು ಕೂತಿತು. ಹೊಗೆಯಿಲ್ಲ, ಕೂಗಿಲ್ಲ, ವೇಗ ಹೆಚ್ಚಿದಂತೆ ಎಲ್ಲೋ ದೂರದಲ್ಲಿ ಯಾರೋ ಕೊಳಲಿಗೆ ಬಾಯಿಟ್ಟಂಥ ಒಂದು ಸಣ್ಣ ಸ್ವರ. ಸೊರಬ ದಾಟಿ ಕಾಡಿನ ಏರು ಬಂತು. ಗೇರು ಬದಲಿಸದೆ ಕಾರು ಏರಿನ ನೆತ್ತಿ ಮುಟ್ಟಿತು.

"ಹೆಂಗೈತೆ?" ಎಂದರು ಡಾಕ್ಟರು. ಮುಖದಲ್ಲಿ ಮದುಮಗನ ಕಳೆ.

ಸಣ್ಣಬೀರಪ್ಪ ಪ್ರಾಮಾಣಿಕನಾಗಿ ಯೋಚಿಸಿ ನೋಡಿದ. "ತಗಡು ಇದ್ದಾಗ್ಲೂ ಹಿಂಗೇ ಹತ್ತುತಿತ್ತಲ್ರಿ?"

"ಎರಡನೇ ಗೇರಿಗೆ ಹತ್ತುತಿತ್ತು. ಈಗ ಮೂರನೇದ್ರಾಗೆ ಹತ್ತಿತು."

"ಹಂಗಾದ್ರೆ ಸರಿ ಬಿಡ್ರಿ" ಎಂದ ಸಣ್ಣಬೀರಪ್ಪ. ಒಂದು ವರ್ಷದ ಹೊತ್ತು, ಒಂದು ಇಡ್ಲಿಪಾತ್ರೆ, ಎರಡು ಕ್ಷೌರದ ಕತ್ತಿ, ಒಂದು ಗೇರಿಗಾಗಿ.

ರಾಜಪ್ಪನ ಹಳ್ಳಿಯಲ್ಲಿ ಅವನ ಅತ್ತಿಗೆಯ ಮಗುವಿನ ಕಾಲಿಗೆ ಕಟ್ಟಿದ್ದ ಪಟ್ಟಿ ಬದಲಿಸುವುದಿತ್ತು. ಕೆಲಸ ಮುಗಿಸಿ ಬರುವಾಗ ರಾಜಪ್ಪನೇ ಅಂಗಳದಲ್ಲಿ ಕಾರಿನ ಬಳಿ ನಿಂತಿದ್ದ. ಬಿಸಿಯಾಗಿದ್ದ ಎಂಜಿನ್ನಿಗೆ ಗಾಳಿಯಾಡಲೆಂದು ಬಾನೆಟ್ಟು ಎತ್ತಿಟ್ಟಿದ್ದರು. ಅವನು ಬಗ್ಗಿ, ಹೊಳೆಯುತ್ತಿದ್ದ ಆ ಅಲ್ಯೂಮಿನಿಯಂ ಗೂಡನ್ನು ನೋಡುತ್ತಿದ್ದ. ದನಿಯಲ್ಲಿ ಮುನಿಸಿರಲಿಲ್ಲ, ವ್ಯಂಗ್ಯವಿರಲಿಲ್ಲ. ತಿಳಿದುಕೊಳ್ಳಬೇಕೆಂದು ಕೇಳುವವನ ಸಾದಾ ದನಿಯಲ್ಲಿ ಕೇಳಿದ:

"ಇದೇ ಏನ್ರೀ ಡಾಕ್ಟ್ರೇ, ಅವತ್ತು ನೀವು ಮಾಡ್ತಾ ಇದ್ದಿದ್ದು?"

"ಹೌದು" ಎಂದರು ಡಾಕ್ಟರು.

ರಾಜಪ್ಪ ಇನ್ನೂ ಸ್ವಲ್ಪ ಹೊತ್ತು ನೋಡಿದ. "ಭಾಳ ನಾಜೂಕಿನ ಕೆಲಸ" ಎಂದ. ಆಮೇಲೆ ಒಳಗೆ ಹೋಗಿ, ಹೊಸದಾಗಿ ಇಳಿಸಿದ ಎರಡು ಸೌತೆಕಾಯಿ ತಂದು ಸಣ್ಣಬೀರಪ್ಪನ ಕೈಗೆ ಕೊಟ್ಟ.

ಡಾಕ್ಟರು ಬಾನೆಟ್ಟು ಇಳಿಸಲು ಹೋದರು. ಕೊಂಡಿ ಸಿಕ್ಕಲಿಲ್ಲ. ಸಣ್ಣಬೀರಪ್ಪನೇ ಬಂದು ಹಾಕಿದ. ದಾರಿಯಲ್ಲಿ ಇಳಿಜಾರಿತ್ತು, ಚೊಕ್ಕ ರಸ್ತೆಯಿತ್ತು, ಕಾರು ಹಾಡುತ್ತಿತ್ತು. ಡಾಕ್ಟರು ಅದನ್ನು ಆಲಿಸುತ್ತಿರಲಿಲ್ಲ. ಸೊರಬ ಬರುವವರೆಗೂ ಎತ್ತಿನಗಾಡಿಯ ವೇಗದಲ್ಲಿ ನಡೆಸಿದರು. ಅವರ ಮೇಲೆ ಕೂಡಿಟ್ಟುಕೊಂಡಿದ್ದ ಮಾತುಗಳೆಲ್ಲ ಸಣ್ಣಬೀರಪ್ಪನ ನಾಲಗೆಯ ತುದಿಗೆ ಬಂದಿದ್ದವು. ಇಂಥ ಸಮಯ ಮತ್ತೆ ಸಿಕ್ಕುವುದಿಲ್ಲವೆಂದೂ ಗೊತ್ತಿತ್ತು. ಅವನು ಸೌತೆಕಾಯಿಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತ.

ಕೈಗೆತ್ತಿಕೊಂಡದ್ದನ್ನು ಸರಿಮಾಡದೆ ಕೆಳಗಿಡಲಾರದ ಇಂಥ ಜನ ಎಲ್ಲ ಊರಿನಲ್ಲೂ ಒಬ್ಬಿಬ್ಬರು ಇರುತ್ತಾರೆ. ಲೋಕದಲ್ಲಿ ಮುರಿದದ್ದು ಎಷ್ಟೋ ಕೂಡಿಕೊಂಡಿರುವುದು ಅವರ ಹಟದಿಂದ; ಬಾಗಿಲ ಹೊರಗೆ ಎಷ್ಟೋ ಜನ ಕಾದು ಬಸವಳಿದಿರುವುದೂ ಆ ಹಟದಿಂದಲೇ. ಅವರು ಕಲ್ಲೆದೆಯವರಲ್ಲ. ಅವರ ಕಿವಿಗೆ ಒಂದು ಕಾಲಕ್ಕೆ ಒಂದೇ ಸದ್ದು ಹಿಡಿಯುತ್ತದೆ, ಅಷ್ಟೇ; ಅದು ಹಿಡಿದಾಗ ಪಕ್ಕದಲ್ಲಿ ಮನೆ ಉರಿದರೂ ತಿಳಿಯದು. ಅಂಥವರ ಸಂಗಡ ಬಾಳುವುದು ದಿನನಿತ್ಯದ ರೇಜಿಗೆ, ಬಿಟ್ಟುಹೋಗುವುದು ಅದಕ್ಕಿಂತ ಕಷ್ಟ. ಗದರಿದರೆ ಅವರು ಬದಲಾಗುವುದಿಲ್ಲ. ಆದರೂ ಪಕ್ಕದಲ್ಲಿ ಗದರುವವರೊಬ್ಬರು ಇರಲೇಬೇಕು. ಏಕೆಂದರೆ ಅವರಿಗೆ ಕೇಳಿಸುತ್ತದೆ. ತಡವಾಗಿ ಕೇಳಿಸುತ್ತದೆ, ಕೆಲವೊಮ್ಮೆ ಒಂದು ದಿನ ತಡವಾಗಿ; ಕೇಳಿಸಿದ ಮೇಲೆ ಮಾತ್ರ ಅದು ಅವರ ಒಳಗೆ ತಿರುಗುವುದನ್ನು ನಿಲ್ಲಿಸುವುದಿಲ್ಲ.